ಐಸ್‌ಕ್ರೀಮ್ ಡಬ್ಬದ ಸೀಗಡಿ

ಮಠದ ಬುದ್ಧಿಯವರು ಪ್ರಸಾದ ಮುಗಿಸಿ ನಡುಮನೆಯಲ್ಲಿ ಕೂತಿದ್ದರು. ನಂಜನಗೂಡಿನ ಏಪ್ರಿಲ್ ಬಿಸಿಲಿಗೆ ಫ್ಯಾನಿನ ಗಾಳಿಯೂ ಕಾದಿತ್ತು. ತಣ್ಣಗೆ ಏನಾದರೂ ಕೊಡೋಣವೆಂದು ಸರ್ವಮಂಗಳಮ್ಮ ಅಡುಗೆಮನೆಗೆ ಹೋಗಿ ಫ್ರೀಜರಿನಲ್ಲಿ ಕೈಯಾಡಿಸಿದರು. ಹಿಂದುಗಡೆ, ಬಟಾಣಿ ಪೊಟ್ಟಣದ ಮರೆಯಲ್ಲಿ, ವೆನಿಲ್ಲಾ ಐಸ್‌ಕ್ರೀಮಿನ ದೊಡ್ಡ ಡಬ್ಬವೊಂದು ಸಿಕ್ಕಿತು. ತಾವು ತಂದ ನೆನಪಿಲ್ಲ. ಯಜಮಾನರಿಗೆ ಇಷ್ಟಾದರೂ ಬುದ್ಧಿ ಬಂತಲ್ಲ ಎಂದುಕೊಂಡು ಮುಚ್ಚಳ ತೆಗೆದರು.

ಮೊದಲು ಹುಳ ಎಂದುಕೊಂಡರು. ಬೂದುಬಣ್ಣದ, ಬಾಗಿದ, ಬೆರಳುದ್ದದ ಹುಳಗಳು ಸಾಲಾಗಿ ಹೆಪ್ಪುಗಟ್ಟಿ ಕೂತಿದ್ದವು. ಆಮೇಲೆ ವಾಸನೆ ಮೂಗಿಗೆ ಬಡಿಯಿತು. ಅರವತ್ತೊಂದು ವರ್ಷದಲ್ಲಿ ಸರ್ವಮಂಗಳಮ್ಮ ಸೀಗಡಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೆಮ್ಮರಗಾಲದ ತವರಿನಲ್ಲಾಗಲಿ, ಹೊಲಿಗೆ ಕಲಿಸಿಕೊಂಡು ಮೂವತ್ತೆಂಟು ವರ್ಷ ನಡೆಸಿದ ಈ ಮನೆಯಲ್ಲಾಗಲಿ, ಮೊಟ್ಟೆ ಸೇರಿದ ಕೇಕನ್ನೂ ಹೊಸ್ತಿಲು ದಾಟಲು ಬಿಟ್ಟವರಲ್ಲ. ಡಬ್ಬ ಕೈಜಾರಿ ಸಿಂಕಿಗೆ ಬಿತ್ತು.

ಸದ್ದಿಗೆ ಬಾಗಿಲಿಗೆ ಬಂದವರು ಗಂಡ ಪುಟ್ಟಬಸವಯ್ಯ, ಬಿಳಿಗೆರೆಯ ಅಂಚೆ ಕಚೇರಿಯಿಂದ ನಿವೃತ್ತರಾದವರು. ಹೆಂಡತಿಯ ಮುಖ ನೋಡಿದರು, ಸಿಂಕು ನೋಡಿದರು.

"ಅದು ಬೆಳ್ಳಿಗೆ ಕಣೇ," ಎಂದರು ಪಿಸುದನಿಯಲ್ಲಿ.

ಬೆಳ್ಳಿ ಎಂದರೆ ನಡುಮನೆಯ ಗಾಜಿನ ತೊಟ್ಟಿಯಲ್ಲಿದ್ದ ಅರೋವಾನಾ ಮೀನು. ನರಸೀಪುರದ ಹಲ್ಲಿನ ಡಾಕ್ಟರ ಹತ್ತಿರ ಅಂಥದೊಂದನ್ನು ಕಂಡು, ನಿವೃತ್ತಿಯಾದ ವರ್ಷ ಪುಟ್ಟಬಸವಯ್ಯ ಹಟ ಹಿಡಿದಿದ್ದರು. ಮೈಸೂರಿನ ಅಂಗಡಿಗೆ ಇಬ್ಬರೂ ಹೋಗಿದ್ದರು. ಐದು ಮರಿಗಳಲ್ಲಿ ಮೀಸೆ ಎರಡೂ ನೆಟ್ಟಗಿರುವ, ಕಣ್ಣು ಕೆಳಗೆ ಜಾರದ, ನೀರಿನ ಮೇಲುಮಟ್ಟದಲ್ಲಿ ಬೀಗುತ್ತ ಈಜುವ ಈ ಮರಿಯನ್ನು ಆರಿಸಿದವರು ಸರ್ವಮಂಗಳಮ್ಮನೇ. "ಏನು ತಿನ್ನತ್ತಪ್ಪಾ?" ಎಂದು ಕೇಳಿದ್ದಕ್ಕೆ ಅಂಗಡಿಯವನು ಕಾಳಿನಂಥ ತಿಂಡಿಯ ಪೊಟ್ಟಣ ತೋರಿಸಿದ್ದ. ಆಗ ಅದು ನಾಲ್ಕಿಂಚು. ಒಂದೂವರೆ ವರ್ಷದಲ್ಲಿ ಎರಡು ಅಡಿಯಾಗಿತ್ತು. ಕಾಳು ತಿಂದೇ ಇಷ್ಟು ಬೆಳೆಯಿತಲ್ಲ ಎಂದು ಬಂದವರಿಗೆಲ್ಲ ಅವರು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಬುದ್ಧಿಯವರಿಗೂ ಹೇಳಿದ್ದು ಅರ್ಧ ಗಂಟೆಯ ಹಿಂದಷ್ಟೆ.

"ಕಾಳು ತಿನ್ನಲ್ವೇನ್ರೀ ಅದು?"

"ಮೂರು ತಿಂಗಳು ತಿಂತು. ಆಮೇಲೆ ಮೂಸೂ ನೋಡ್ಲಿಲ್ಲ."

"ಮತ್ತೆ ಜೊತೆಗೆ ಬಿಟ್ಟಿದ್ವಲ್ಲ, ಆರು ಬಂಗಾರದ ಮೀನು? ಸತ್ತೋದ್ವು ಅಂದಿದ್ರಿ."

"ಸತ್ತಿದ್ದು ನಿಜ," ಎಂದು ಪುಟ್ಟಬಸವಯ್ಯ ನೆಲ ನೋಡಿದರು.

ಬುದ್ಧಿಯವರಿಗೆ ಬಾಳೆಹಣ್ಣು, ಹಾಲು ಕೊಟ್ಟು ಕಳಿಸಿದ್ದಾಯಿತು. ಫ್ರಿಜ್ಜನ್ನು ಮೂರು ಸಲ ತೊಳೆದರೂ ಸರ್ವಮಂಗಳಮ್ಮನಿಗೆ ಸಮಾಧಾನವಾಗಲಿಲ್ಲ. ಮೀನು ಮೀನನ್ನು ತಿನ್ನುವುದಕ್ಕಿಂತ, ಈ ಮನುಷ್ಯ ಒಂದು ವರ್ಷ ಬಚ್ಚಿಟ್ಟನಲ್ಲ ಎಂಬುದು ಎದೆಗೆ ಹೊಡೆದಿತ್ತು. ಕೆದಕಿದಾಗ ಇನ್ನೊಂದು ಹೊರಬಿತ್ತು. ನಂಜನಗೂಡಿನಲ್ಲಿ ನೆಂಟರ ಕಣ್ಣಿಗೆ ಬಿದ್ದೇನೆಂದು ಅವರು ಸೀಗಡಿಗಾಗಿ ಬಸ್ಸು ಹತ್ತಿ ನರಸೀಪುರಕ್ಕೆ ಹೋಗುತ್ತಿದ್ದರು. ಪ್ರತಿ ಮಂಗಳವಾರದ ಪಿಂಚಣಿದಾರರ ಸಭೆ ಎಂದರೆ ಅದೇ.

ಮರುವಾರ ಪುಟ್ಟಬಸವಯ್ಯನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ದೂಳಿಗೆ ಹೋಗಬಾರದು, ಕಣ್ಣಿಗೆ ನೀರು ಸಿಡಿಯಬಾರದು. ಕಪ್ಪು ಕನ್ನಡಕ ಹಾಕಿಕೊಂಡು ತೊಟ್ಟಿಯ ಮುಂದೆ ಕೂತು, "ನಾಲ್ಕು ದಿನ ಆಯ್ತು ಅದು ತಿಂದು," ಎಂದು ಒಂದೇ ಸಮನೆ ಗೊಣಗಿದರು. ಐದನೆಯ ದಿನ ಸರ್ವಮಂಗಳಮ್ಮ ಚೀಲ ಹಿಡಿದು ನರಸೀಪುರದ ಬಸ್ಸು ಹತ್ತಿದರು. ಕರುಣೆಯಿಂದಲ್ಲ, ಗಂಡ ಎಲ್ಲಿ ಹೋಗುತ್ತಿದ್ದ ಎಂದು ಕಣ್ಣಾರೆ ನೋಡಬೇಕಿತ್ತು.

ಹೊಳೆದಂಡೆಯ ಹತ್ತಿರ ಮೀನು ಮಾರುವ ಸಾಕಮ್ಮ ಇವರ ವಿಭೂತಿ, ಮೂಗಿಗೆ ಒತ್ತಿದ ಸೆರಗು ನೋಡಿಯೇ ನಕ್ಕಳು.

"ಅಂಚೆ ಬಸವಯ್ಯೋರ ಮನೆಯೋರಾ? ಬನ್ನಿ ಅಮ್ಮೋರೇ. ಯಾಕೆ ಬರ್ನಿಲ್ಲ ಅವ್ರು? ಉಸಾರಾಗವ್ರಾ?"

"ಕಣ್ಣಿನ ಆಪರೇಷನ್ ಆಗಿದೆ. ನೀನೇ ಸುಲಿದು ಕೊಡ್ತಿದ್ಯಾ ಇದನ್ನ?"

"ನಾನೆಲ್ಲಿ ಸುಲೀಲಿ? ನನ್ ಕೈಗೇ ಬುಡಾಕಿಲ್ಲ ಅವ್ರು! ಇಲ್ಲೇ ಕುಕ್ಕರುಗಾಲಲ್ಲಿ ಕುಂತ್ಕಂಡು ತಲೆ ಕಿತ್ತು, ಕರುಳು ತೆಗ್ದು, ಆ ನಲ್ಲಿ ತಾವ ನಾಕ್ ಸತಿ ತೊಳೀತಾರೆ. ಮುಳ್ಳು ಗಂಟ್ಲಿಗೆ ಚುಚ್ಬುಟ್ಟಾತು ಅಂತಾರೆ. ನಮ್ಮಟ್ಟಿ ಗಂಡುಸ್ರಿಗೂ ಇಷ್ಟು ನಾಜೂಕಿಲ್ಲ ಬುಡಿ."

ಸರ್ವಮಂಗಳಮ್ಮ ಆ ನಲ್ಲಿಯ ಕಡೆ ತಿರುಗಿ ನೋಡಿದರು. ಮೂವತ್ತೆಂಟು ವರ್ಷದಲ್ಲಿ ಉಂಡ ತಟ್ಟೆಯನ್ನು ಒಂದು ದಿನವೂ ಎತ್ತಿಡದ ಮನುಷ್ಯ! ಚೊಚ್ಚಲ ಮಗಳ ಬಟ್ಟೆ ಒದ್ದೆಯಾದರೆ "ಲೇ, ಬಾ ಇಲ್ಲಿ" ಎಂದು ದೂರ ಸರಿದು ನಿಲ್ಲುತ್ತಿದ್ದ ಮನುಷ್ಯ! ಸಾಕಮ್ಮ ಸುಲಿದು ಕಟ್ಟಿಕೊಟ್ಟ ಪೊಟ್ಟಣವನ್ನು ಮೂರು ಕವರಿನಲ್ಲಿ ಸುತ್ತಿ, ತೋಳು ಚಾಚಿ ಹಿಡಿದುಕೊಂಡೇ ಅವರು ಬಸ್ಸಿನಲ್ಲಿ ಕೂತರು. ಪಕ್ಕದಲ್ಲಿ ಕೂತವಳು ಎದ್ದು ಬೇರೆ ಸೀಟಿಗೆ ಹೋದಾಗ, ತಮ್ಮನ್ನೇ ಯಾರೋ ಮಡಿಯಿಂದ ಹೊರಗಿಟ್ಟಂತಾಗಿ ಮುಖ ಬಿಸಿಯಾಯಿತು.

ಮನೆಯಲ್ಲಿ ಇಕ್ಕಳದಲ್ಲಿ ಹಿಡಿದು ಒಂದೊಂದೇ ಸೀಗಡಿ ಹಾಕಿದರು. ಬೆಳ್ಳಿ ಬಾಯಿ ತೆರೆದದ್ದನ್ನು ಅವರು ಈವರೆಗೆ ನೋಡಿರಲಿಲ್ಲ. ಕೆಳದವಡೆ ಪೆಟ್ಟಿಗೆಯ ಮುಚ್ಚಳದಂತೆ ಬಿಚ್ಚಿಕೊಂಡಿತು, ಸೀಗಡಿ ಮಾಯವಾಯಿತು. ತಾವು ಆರಿಸಿ ತಂದ ಮರಿಯೇ ಇದು ಎಂದು ಮೈ ಜುಮ್ಮೆಂದಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಮೇಲಿನ ಗಾಜನ್ನು ಪೂರ್ತಿ ಮುಚ್ಚದೆ ಒಳಗೆ ಓಡಿದರು.

ದಬ್ಬೆಂದಿತು. ಆಮೇಲೆ ಗಂಡನ ಕೂಗು: "ಮಂಗಳಾ! ಹಾರ್ಬಿಡ್ತು! ಬೆಳ್ಳಿ ಹಾರ್ಬಿಡ್ತು!"

ಎರಡು ಅಡಿಯ ಮೀನು ನಡುಮನೆಯ ಟೈಲ್ಸಿನ ಮೇಲೆ ಚಟಪಟನೆ ಹೊಡೆದುಕೊಳ್ಳುತ್ತಿತ್ತು. ಹುರುಪೆಗಳು ಸೋಫಾದವರೆಗೂ ಸಿಡಿದಿದ್ದವು. ಪುಟ್ಟಬಸವಯ್ಯ ಬಗ್ಗಲು ಹೊರಟಿದ್ದರು.

"ಬಗ್ಗಿದ್ರೆ ಕಣ್ಣು ಹೋಗತ್ತೆ, ನಿಂತ್ಕೊಳ್ರೀ ಅಲ್ಲೇ!"

ಅದು ಮಿಸುಕಾಡುವುದು ನಿಧಾನವಾಗುತ್ತಿತ್ತು. ಸರ್ವಮಂಗಳಮ್ಮ ಯೋಚಿಸಲಿಲ್ಲ. ಬಕೆಟ್ಟಿನ ಟವೆಲ್ಲನ್ನು ಒದ್ದೆಯಾಗಿಯೇ ಎಳೆದು ತಂದು, ಅದರ ಮೇಲೆ ಹಾಕಿ, ಎರಡೂ ಕೈಯಿಂದ ಬಾಚಿ ಎತ್ತಿದರು. ಇಷ್ಟು ಭಾರವೇ! ಟವೆಲ್ಲಿನೊಳಗೆ ತೊಡೆಯಂಥ ಮಾಂಸ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಕೈ ಬಿಡಬೇಕೆನಿಸಿತು, ಬಿಡಲಿಲ್ಲ. ತೊಟ್ಟಿಗೆ ಇಳಿಸಿ ಗಾಜು ಎಳೆದ ಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತರು.

ತಲೆಗೆ ನೀರು ಹಾಕಿಕೊಂಡು ಬಂದು ಪೂಜೆಗೆ ಕೂತರೂ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಂಗೈಯಲ್ಲಿ ಆ ಜೀವದ ಮಿಡಿತ ಇನ್ನೂ ಇತ್ತು. ತಪ್ಪು ಮಾಡಿದೆನೋ, ಬಿಟ್ಟಿದ್ದರೆ ತಪ್ಪಾಗುತ್ತಿತ್ತೋ, ತಿಳಿಯಲಿಲ್ಲ. ಕೊನೆಗೆ ತೆಗೆದುಕೊಂಡರು.

ಎರಡು ದಿನ ಬೆಳ್ಳಿ ಮೂಲೆ ಹಿಡಿದು ಬಿದ್ದಿತ್ತು. ಗಂಡ ಹೇಳಿದಂತೆ ಅವರೇ ಮೂರರಲ್ಲಿ ಒಂದು ಪಾಲು ನೀರು ಬದಲಿಸಿದರು, ಕಲ್ಲುಪ್ಪು ಕರಗಿಸಿ ಹಾಕಿದರು. ಮೂರನೆಯ ದಿನ ಅದು ಮೇಲೆ ಬಂತು.

"ಕಣ್ಣು ವಾಸಿಯಾಗ್ಲಿ, ಅಂಗಡಿಗೇ ವಾಪಸ್ ಕೊಟ್ಬಿಡ್ತೀನಿ," ಎಂದರು ಪುಟ್ಟಬಸವಯ್ಯ.

"ತಂದೋರು ನಾವು. ಕೊಟ್ಟು ಇನ್ಯಾರ್ ಮನೆ ತಲೆಗೆ ಕಟ್ತೀರಿ? ಹಿತ್ತಲಿಗೆ ಬೇರೆ ಫ್ರಿಜ್ ತನ್ನಿ. ಸೀಗಡಿ ನಿಮ್ಮದು, ನೀರು ನನ್ನದು. ಇನ್ಮೇಲೆ ಬಚ್ಚಿಟ್ರೆ ಮಾತ್ರ ನಾನಿರಲ್ಲ."

ಹಾಗೇ ನಡೆಯುತ್ತಿದೆ. ತೊಟ್ಟಿಯ ಗಾಜಿನ ಮೇಲೆ ಈಗ ಎರಡು ಇಟ್ಟಿಗೆ ಇವೆ. ಏನು ತಿನ್ನುತ್ತದೆ ಎಂದು ನೆಂಟರು ಕೇಳಿದರೆ ಸರ್ವಮಂಗಳಮ್ಮ ಇದ್ದದ್ದನ್ನೇ ಹೇಳುತ್ತಾರೆ. ಕೆಲವರು ಕಾಫಿ ಕುಡಿಯದೆ ಎದ್ದು ಹೋಗಿದ್ದಾರೆ.