ಕಾವಿಗೆ ಕೂತ ಕೋಳಿಯ ಪರ ನನ್ನ ವಾದ

ಸ್ನೇಹಿತರೇ, ಅಕ್ಕಲಕೋಟೆಯ ನಮ್ಮ ಅಂಗಳದಲ್ಲಿ ಇಂದು ನಾನು ಕೋಳಿಯೊಂದರ ವಕೀಲನಾದೆ. ಮೊಟ್ಟೆಗಳನ್ನೆಲ್ಲ ತೆಗೆದ ಮೇಲೂ ಅದು ಖಾಲಿ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಕಾವು ಬಿಡಿಸಲು ಅದನ್ನು ತಣ್ಣೀರಿನಲ್ಲಿ ಅದ್ದಬೇಕೆಂದು ಅವ್ವ ಬಕೆಟ್ ತಂದಳು.

"ಅವ್ವಾ, ಅದರದೇನ್ ತಪ್ಪಿಲ್ಲ," ಎಂದೆ ಗಂಭೀರವಾಗಿ. "ಪ್ರೊಲ್ಯಾಕ್ಟಿನ್ ಅಂತ ಹಾರ್ಮೋನ್ ಐತಿ. ಅದು ಏರಿದ್ರ ಅಂಡಾಶಯಕ್ಕ ಸೂಟಿ, ತತ್ತಿ ಬಂದ್! ಹೆಣ್ಮಕ್ಕಳಿಗಿ ಎದಿಹಾಲು ತರೂದೂ ಅದ ಹಾರ್ಮೋನ್."

ಅವ್ವ ಕಣ್ಸನ್ನೆ ಮಾಡಿದಳು. ತಡವಾಗಿತ್ತು. ಹೋದ ವಾರವಷ್ಟೇ ಹಸುಗೂಸನ್ನು ಕಳೆದುಕೊಂಡ ನಮ್ಮ ವೈನಿ, ಅಣ್ಣನ ಹೆಂಡತಿ, ಬಾಗಿಲಲ್ಲಿ ನಿಂತಿದ್ದಳು, ಒದ್ದೆಯಾದ ಕುಪ್ಪಸದ ಮೇಲೆ ಸೆರಗು ಒತ್ತಿ ಹಿಡಿದು.

"ಭಾವೂಜಿ, ಕೂಸಿಲ್ಲಂತ ಆ ಹಾರ್ಮೋನಿಗಿ ಯಾರ್ ಹೇಳ್ಬೇಕ್ರಿ?"

ಅವ್ವ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಕೋಳಿ ಇನ್ನೂ ಕೂತಿದೆ. ಅದನ್ನು ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ, ಎಲ್ಲ ಬಲ್ಲ ನನಗಂತೂ ಇಲ್ಲವೇ ಇಲ್ಲ.