ಅದೇ ಬಾಟಲಿಯ ಸೂಜಿ

ಮದುವೆಯಾಗಿ ಏಳೆಂಟು ವರ್ಷ ನನಗೆ ಮಕ್ಕಳಿರಲಿಲ್ಲ. ಮಡಕಶಿರಾ ಕಡೆಯ ನಮ್ಮೂರಿನಲ್ಲಿ ಬಾವಿಗೆ ಹೋದರೂ ಬಂಜೆ, ಹೊಲಕ್ಕೆ ಹೋದರೂ ಬಂಜೆ. ಗಂಡನಿಗೆ ಪೀಣ್ಯದ ಲೇತ್ ಶಾಪಿನಲ್ಲಿ ಕೆಲಸ ಸಿಕ್ಕಿತೆಂದು ಲಗ್ಗೆರೆಯ ಶೀಟ್ ಮನೆಗೆ ಬಂದೆವು ನೋಡಿ, ಮರುವರ್ಷವೇ ಮಗಳು! ಎಂಬತ್ತರ ದಶಕದ ನಡುಮಧ್ಯ ಅದು. ಆ ಕೂಸನ್ನು ನಾನು ನೆಲಕ್ಕೇ ಬಿಡುತ್ತಿರಲಿಲ್ಲ. ಒಲೆ ಮುಂದೆ ಕೂತರೂ ಮಡಿಲಲ್ಲಿ, ನಲ್ಲಿಗೆ ಹೋದರೂ ಹೆಗಲ ಮೇಲೆ.

ನಮ್ಮ ಸಾಲುಮನೆಗಳಲ್ಲಿ ಇದ್ದವರೆಲ್ಲ ಹೊರಗಿನಿಂದ ಬಂದವರೇ. ಧರ್ಮಪುರಿಯವರು, ರಾಯಚೂರಿನವರು, ನಾವು. ಯಾರ ಹತ್ತಿರವೂ ರೇಷನ್ ಕಾರ್ಡ್ ಇರಲಿಲ್ಲ. ಸೀಮೆಎಣ್ಣೆ ಕೇಳಿದರೆ ಕಾರ್ಡ್ ಎಲ್ಲಿ, ಸಕ್ಕರೆ ಕೇಳಿದರೆ ಕಾರ್ಡ್ ಎಲ್ಲಿ. ಅಂಥದ್ದರಲ್ಲಿ ಸರ್ಕಾರದ ನರ್ಸಮ್ಮ ಹೆಗಲಿಗೆ ಐಸ್ ಡಬ್ಬಿ ನೇತುಹಾಕಿಕೊಂಡು ತಾನಾಗಿ ಬಾಗಿಲಿಗೆ ಬಂದು, ಮಕ್ಕಳಿಗೆ ಸೂಜಿ ಹಾಕುತ್ತೇನೆ, ಕಾಸೂ ಬೇಡ ಕಾರ್ಡೂ ಬೇಡ ಅಂದರೆ ಯಾರು ನಂಬುತ್ತಾರೆ? ಒಂದು ಲೀಟರ್ ಸೀಮೆಎಣ್ಣೆ ಕೊಡದವರು ಮದ್ದು ಯಾಕೆ ಕೊಡುತ್ತಾರೆ?

ಗಂಡನ ಶಾಪಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತ್ತು.

"ಎಮರ್ಜೆನ್ಸೀಲಿ ಮಕ್ಳಾಗ್ದಂಗೆ ಆಪರೇಷನ್ ಮಾಡಕ್ಕೆ ಗಂಡಸ್ರನ್ನ ವ್ಯಾನಿಗೆ ತುಂಬ್ಕೊಂಡು ಹೋದ್ರಲ್ಲ, ಈಗ ಕೂಸಿಂದ್ಲೇ ಶುರು ಮಾಡವ್ರೆ ಕಣೇ," ಎಂದರು ನನ್ನ ಗಂಡ. "ಹೊರಗಿಂದ ಬಂದೋರು ಜಾಸ್ತಿ ಆಗ್ಬಿಟ್ವಂತೆ. ಈಗ ಚುಚ್ಚಿಬಿಟ್ರೆ ದೊಡ್ಡೋರಾದ್ಮೇಲೆ ಮಕ್ಳೇ ಆಗಲ್ವಂತೆ."

ನಾನು ಅನುಭವಿಸಿದ್ದನ್ನು ನನ್ನ ಮಗಳೂ ಅನುಭವಿಸಬೇಕೇ?

ಸಾಲಿನ ಹೆಂಗಸರೆಲ್ಲ ಸೇರಿ ಒಂದು ಉಪಾಯ ಮಾಡಿದೆವು. ಪಕ್ಕದ ಮನೆಯ ಧರ್ಮಪುರಿ ಅಕ್ಕನ ಮಕ್ಕಳು ಬೆಳೆದಿದ್ದರು, ಅವಳಿಗೆ ಸೂಜಿಯ ಭಯವಿಲ್ಲ. ನರ್ಸಮ್ಮನ ಸೀರೆ ದೂರದಲ್ಲಿ ಕಂಡ ಕೂಡಲೇ ಅವಳು ಕೂಸಿರುವ ಮನೆಗಳಿಗೆಲ್ಲ ಹೊರಗಿನಿಂದ ಬೀಗ ಹಾಕುವುದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗುಲಿಯ ಮೇಲೆ ಅಕ್ಕಿ ಆರಿಸುತ್ತಾ ಕೂರುವುದು. ನಾವು ಒಳಗೆ ಉಸಿರು ಬಿಗಿಹಿಡಿದು ಮಕ್ಕಳಿಗೆ ಮೊಲೆ ಕೊಟ್ಟುಕೊಂಡು ಕೂರುವುದು.

ಅವತ್ತೂ ಹಾಗೆಯೇ ಕೂತಿದ್ದೆ. ಬಾಗಿಲ ಸಂದಿಯಿಂದ ಮಾತು ಕೇಳುತ್ತಿತ್ತು.

"ಏನಮ್ಮ, ಸಾಲಿಗೆ ಸಾಲೇ ಬೀಗ?"

"ಎಲ್ಲಾ ಊರ್ಗೋಗವ್ರೆ ಸಿಸ್ಟರ್."

"ಹೋದ್ಸಲಾನೂ ಊರಿಗೆ ಹೋಗಿದ್ರು. ಈ ಮನೆಯೋರು?"

"ಇವ್ಳಾ? ಅಯ್ಯೋ, ಇವ್ಳಿಗೆಲ್ಲಿ ಮಕ್ಳು ಸಿಸ್ಟರ್! ಪಾಪ, ಬಂಜೆ."

ಉಪಾಯ ಗಿಪಾಯ ಎಲ್ಲಾ ಮರೆತೇಹೋಯಿತು ನನಗೆ. ಊರು ಬಿಟ್ಟು ಬಂದರೂ ಆ ಮಾತು ನನ್ನ ಹೊಸ್ತಿಲಿಗೇ ಬಂತಲ್ಲ! ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲನ್ನು ದಬದಬ ಗುದ್ದಿದೆ.

"ಯಾರೇ ಅದು ಬಂಜೆ ಅಂದೋಳು? ತೆಗೀ ಬೀಗ! ಚಿನ್ನದಂಥ ಮಗಳಿದ್ದಾಳೆ ನಂಗೆ! ತೆಗೀತೀಯೋ ಇಲ್ವೋ?"

ಗದ್ದಲಕ್ಕೆ ಕೂಸೂ ಕಿರುಚಿತು. ಅದನ್ನು ಕೇಳಿ ಅಕ್ಕಪಕ್ಕದ ಬೀಗಗಳ ಹಿಂದಿದ್ದ ಮಕ್ಕಳೂ ದನಿಗೂಡಿಸಿದವು.

"ಬೀಗಾನೇ ಅಳ್ತಿದೆಯಲ್ಲಮ್ಮ," ಎಂದಳು ನರ್ಸಮ್ಮ.

ಅಕ್ಕ ಬೀಗ ತೆಗೆದು, "ನಿನ್ ಒಳ್ಳೇದಕ್ಕೆ ಹೇಳ್ದೆ ಕಣೇ, ಹುಚ್ಚಿ," ಎಂದು ತಲೆ ಚಚ್ಚಿಕೊಂಡಳು. ಹೊರಗೆ ಬಂದಾಗಿತ್ತು, ಮತ್ತೆ ಒಳಗೆ ಹೋಗಲು ಮಾನ ಬಿಡಲಿಲ್ಲ. ಆದರೆ ನಂಬಿಕೆಯೂ ಬರಲಿಲ್ಲ. ನಾನು ಪಟ್ಟು ಹಿಡಿದೆ.

"ಓನರಮ್ಮನ ಮೊಮ್ಮಗನಿಗೆ ಮೊದ್ಲು ಹಾಕಿ. ಅದೇ ಬಾಟ್ಲಿಯಿಂದ ನನ್ ಮಗಳಿಗೆ ಹಾಕಿ. ಊರೋರಿಗೊಂದು ನಮಗೊಂದು ಅಂದ್ರೆ ಆಗಲ್ಲ."

"ಎಲ್ರಿಗೂ ಒಂದೇ ಬಾಟ್ಲು ತಾಯಿ. ಸೂಜಿ ಮಾತ್ರ ಬೇರೆ ಬೇರೆ. ಬಾ, ಕಣ್ಣಾರೆ ನೋಡು."

ನಮ್ಮ ಓನರಮ್ಮ ಲಗ್ಗೆರೆಯ ಹಳೇ ಬೇಸಾಯದ ಮನೆಯವಳು. ಅವರ ಕೊಟ್ಟಿಗೆ ಮುಂದೆ ನರ್ಸಮ್ಮ ಸ್ಟೀಲ್ ಡಬ್ಬಿಯಲ್ಲಿ ಸೂಜಿ ಕುದಿಸಿದಳು. ನಾನು ಬಾಟಲಿಯ ಮೇಲಿಟ್ಟ ಕಣ್ಣು ಕೀಳಲಿಲ್ಲ, ಸೆರಗಿನಲ್ಲಿ ಬದಲಾಯಿಸಿಬಿಟ್ಟರೆ? ಓನರಮ್ಮನ ಮೊಮ್ಮಗನ ತೊಡೆಗೆ ಒಂದು, ನನ್ನ ಮಗಳ ತೊಡೆಗೆ ಒಂದು. ಅದೇ ಬಾಟಲಿ. "ಸಾಯಂಕಾಲ ಜ್ವರ ಬರುತ್ತೆ, ಗಾಬರಿ ಬೀಳ್ಬೇಡ," ಎಂದು ಹೇಳಿ ಹೋದಳು.

ಜ್ವರ ಬಂದೇ ಬಂತು. ಮಗಳ ಮೈ ಕಾದ ಹಂಚಿನ ಹಾಗೆ. ಶಿಫ್ಟ್ ಮುಗಿಸಿ ಬಂದ ಗಂಡ ಟಿಫನ್ ಕ್ಯಾರಿಯರ್ ನೆಲಕ್ಕೆ ಕುಕ್ಕಿದರು.

"ಬಂಜೆ ಅಂದ್ರೆ ಅಂದ್ಕೊಳ್ಲಿ ಅಂತ ಸುಮ್ನಿರಕ್ಕೆ ಆಗ್ಲಿಲ್ವಾ ನಿಂಗೆ? ಈಗ ನೋಡು!"

ಬಾಟಲಿ ಅದೇ, ಸರಿ. ಆದರೆ ಸೂಜಿ ಬೇರೆ ಅಂದಳಲ್ಲ, ಆ ಸೂಜಿಯಲ್ಲೇ ಏನಾದರೂ ಇತ್ತೋ? ಹೆಪ್ಪಿಗೆ ಮಜ್ಜಿಗೆ ಬೇಕೆಂಬ ನೆಪ ಮಾಡಿಕೊಂಡು ಕೂಸನ್ನು ಎತ್ತಿಕೊಂಡು ಓನರಮ್ಮನ ಮನೆಗೆ ಓಡಿದೆ. ಅವಳು ಮೊಮ್ಮಗನ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದಳು. ಅವನ ಮೈಯೂ ಕೆಂಡ! ದೇವರಾಣೆ, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಚ್ಚಿಕೊಳ್ಳಲು ಬಾಯಿಗೆ ಸೆರಗು ಒತ್ತಿಕೊಂಡೆ.

ಓನರಮ್ಮ ನನ್ನ ಮುಖ ನೋಡಿದಳು, ಎದ್ದು ಬಂದು ನನ್ನ ಕೂಸಿನ ಮೈ ಮುಟ್ಟಿದಳು.

"ನಿನ್ ಕೂಸ್ಗೂ ಜ್ವರ ಬಂತಾ? ಸದ್ಯ ಕಣವ್ವಾ! ನಮ್ದುಕ್ಕೊಂದೇ ಇಂಗಾಯ್ತೇನೋ, ಆವಮ್ಮ ಏನ್ ಆಕ್ಬುಟ್ಳೋ ಅಂತ ಜೀವ ಬಾಯಿಗ್ ಬಂದಿತ್ತು."

ಊರಿನವಳಿಗೂ ಅನುಮಾನ! ಇಬ್ಬರೂ ಜ್ವರದ ಮಕ್ಕಳನ್ನು ತೊಡೆ ಮೇಲೆ ಹಾಕಿಕೊಂಡು ನಕ್ಕಿದ್ದೇ ನಕ್ಕಿದ್ದು. ಬೆಳಗ್ಗೆ ಎದ್ದಾಗ ಎರಡಕ್ಕೂ ಜ್ವರ ಇಳಿದಿತ್ತು. ಮುಂದಿನ ಸಲ ನರ್ಸಮ್ಮ ಬಂದಾಗ ಸಾಲಿನಲ್ಲಿ ಯಾರೂ ಬೀಗ ಹಾಕಿಸಿಕೊಳ್ಳಲಿಲ್ಲ.

ಹಾಗೆಂದು ಶಾಪಿನ ಮಾತು ನನ್ನ ತಲೆಯಿಂದ ಹೋಯಿತೇ? ಇಲ್ಲ. ಜ್ವರ ಇಳಿದದ್ದು ಕಾಣುತ್ತದೆ, ಮಡಿಲು ತುಂಬುವ ವಿಷಯ ಹೇಗೆ ಕಾಣಬೇಕು? ಮಗಳು ದೊಡ್ಡವಳಾದಳು, ಮದುವೆಯೂ ಆಯಿತು. ತಿಂಗಳು ತಿಂಗಳಿಗೂ ಅವಳ ಮುಖ ನೋಡುವುದು, ಒಳಗೊಳಗೇ ಆ ಸೂಜಿಯನ್ನು ಬೈಯುವುದು.

ಮೊನ್ನೆ ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟರಲ್ಲ, ನಾನು ನೆಲದ ಮೇಲೆ ಇರಲಿಲ್ಲ! ಪೇಡದ ಡಬ್ಬಿ ಹಿಡಿದು ಸಿಕ್ಕಸಿಕ್ಕವರಿಗೆಲ್ಲ ಕೂಗಿ ಹೇಳಿದೆ, ನನ್ನ ಮಗಳಿಗೆ ಮಗು ಆಯಿತು, ನನ್ನ ಮಗಳಿಗೆ ಮಗು ಆಯಿತು ಅಂತ. ಗೇಟಿನ ವಾಚ್‌ಮನ್ ನಕ್ಕುಬಿಟ್ಟ.

"ಮೆಲ್ಲಗೆ ಅಜ್ಜಿ. ಎಲ್ರಿಗೂ ಆಗುತ್ತೆ."

"ಆಗುತ್ತೆ ಅಲ್ವೇನಪ್ಪಾ? ಇನ್ನೊಂದ್ಸಲ ಹೇಳು!"

ಅವನು ಮತ್ತೆ ಹೇಳಿದ. ಅವನ ಅಂಗೈ ತುಂಬ ಪೇಡ ಹಾಕಿ, ಪಕ್ಕದ ವಾರ್ಡಿನವರಿಗೆ ಹೇಳಲು ಹೊರಟೆ.