ಒಮ್ಮೆಲೇ ಕುಸಿಯುತ್ತಿದ್ದ ಗೆರೆ

ಮುದ್ದೇಬಿಹಾಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಪಿಎಚ್.ಡಿ. ಮಾಡುತ್ತಿರುವ ಈ ವರ್ಷಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಕಂಪ್ಯೂಟರ್ ಪರದೆಯ ಮೇಲಿನ ಒಂದು ಗೆರೆ. ಮನೆ ಬಸವನ ಬಾಗೇವಾಡಿಯಲ್ಲಿ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಲ್ಯಾಪ್‌ಟಾಪ್ ತೆರೆದು ಅದನ್ನೇ ದಿಟ್ಟಿಸುತ್ತಿದ್ದೆ.

ನನ್ನ ವಿಷಯ ಪಾಲಿಮರ್ ಬ್ರಷ್. ಉದ್ದನೆಯ ಅಣುಸರಪಳಿಗಳ ಒಂದು ತುದಿಯನ್ನು ಯಾವುದಾದರೂ ಮೇಲ್ಮೈಗೆ ಒತ್ತೊತ್ತಾಗಿ ಅಂಟಿಸಿದರೆ ಅವು ಬ್ರಷ್ಷಿನ ಕೂದಲಿನಂತೆ ಎದ್ದು ನಿಲ್ಲುತ್ತವೆ. ಕೆಲವು ಬಗೆಯವು ತಣ್ಣೀರಿನಲ್ಲಿ ಉಬ್ಬಿ, ನೀರು ಬೆಚ್ಚಗಾದಂತೆ ಮುದುಡುತ್ತವೆ. ಎಷ್ಟು ಬಿಸಿಗೆ ಎಷ್ಟು ಮುದುಡುತ್ತವೆ ಎಂದು ಬರೀ ಲೆಕ್ಕದಿಂದ ಹೇಳುವುದು ನನ್ನ ಕೆಲಸ.

“ಅದರಿಂದ ಏನಾಗ್ತೈತವಾ?” ಎಂದು ಅತ್ತೆ ಒಮ್ಮೆ ಕೇಳಿದರು.

“ಅಂಥಾ ಬ್ರಷ್ಷಿನ ಮ್ಯಾಲ ಜೀವಕೋಶದ ಪದರ ಬೆಳಸ್ತಾರ್ರಿ ಅತ್ತಿ. ತಣ್ಣಗ ಮಾಡಿದ್ರ ಹರೀದಂಗ ಎದ್ದು ಬರ್ತೈತಿ.”

“ನೀ ಬೆಳಸ್ತೀಯೇನು?”

“ಇಲ್ರಿ, ನಾ ಲೆಕ್ಕ ಅಷ್ಟ ಮಾಡ್ತೇನಿ.”

“ಹಂಗಾರ ಲಗೂನ ಮುಗಸು.”

ಅದೇ ಮುಗಿಯುತ್ತಿರಲಿಲ್ಲ. ಬಿಸಿ ಏರಿದಂತೆ ಬ್ರಷ್ಷಿನ ಎತ್ತರ ಎಷ್ಟಾಗುತ್ತದೆ ಎಂದು ತೋರಿಸುವ ಗೆರೆ ಅದು. ಬೇರೆಡೆ ಪ್ರಯೋಗ ಮಾಡಿದವರದು ನಿಧಾನವಾಗಿ ಇಳಿಯುತ್ತಿತ್ತು. ನನ್ನದು ಒಂದು ಉಷ್ಣತೆಗೆ ಬಂದೊಡನೆ ಗುಡ್ಡದ ಅಂಚಿನಿಂದ ಬಿದ್ದಂತೆ ಕುಸಿಯುತ್ತಿತ್ತು. ಯಾವ ಅಂಕಿ ಬದಲಿಸಿದರೂ ಕುಸಿತ ಆಚೀಚೆ ಸರಿಯುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಕೊನೆಗೆ ಗೈಡಿಗೆ ಫೋನ್ ಮಾಡಿದೆ.

“ಎಲ್ಲಾ ಸರಪಳಿನೂ ಒಂದ ಎತ್ತರಕ್ಕ ನಿಂತಾವ ಅಂತ ಹಿಡಿದೀರಲ್ಲ, ಅದ ತಪ್ಪಾಗೇತ್ರಿ,” ಎಂದರು. “ತುದಿಗೋಳು ಎಲ್ಲಿ ಬೇಕಾರ ಇರಲಿ, ಬಿಟ್ಟು ನೋಡ್ರಿ.”

ಆ ಸರಳ ಮಾದರಿಯೇ ಸಾಕು ಎಂದಿದ್ದವರೂ ಅವರೇ. ಹಲ್ಲು ಕಚ್ಚಿಕೊಂಡು ಹೂಂ ಎಂದೆ.

ಹೊಸ ಲೆಕ್ಕದಲ್ಲಿ ಸರಪಳಿಗಳು ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಎಂದು ಮೊದಲು ಊಹಿಸಬೇಕು. ಆ ಊಹೆಯಿಂದ ಹೊಸ ದಟ್ಟಣೆ ಬರುತ್ತದೆ. ಎರಡೂ ಹೊಂದುವವರೆಗೆ ಮತ್ತೆ ಮತ್ತೆ ಮಾಡಬೇಕು. ಮುದುಡುವ ಉಷ್ಣತೆಯ ಹತ್ತಿರ ಅವು ಹೊಂದುತ್ತಲೇ ಇರಲಿಲ್ಲ. ಒಂದೊಂದು ಸಲಕ್ಕೂ ಚೂರೇ ಚೂರು ಬದಲಿಸುತ್ತ ಹೋದರೆ ಹೊಂದೀತು, ಆದರೆ ನನ್ನ ಲ್ಯಾಪ್‌ಟಾಪಿಗೆ ಆ ಶಕ್ತಿಯಿಲ್ಲ. ಪ್ರಿನ್ಸಿಪಾಲರನ್ನು ಕೇಳಿ ಕಂಪ್ಯೂಟರ್ ಲ್ಯಾಬಿನ ಒಂದು ಯಂತ್ರ ಪಡೆದೆ. ಶನಿವಾರ ಲೆಕ್ಕ ಶುರು ಮಾಡಿ, ‘ಬಂದ್ ಮಾಡಬೇಡಿ’ ಎಂದು ಪರದೆಗೆ ಚೀಟಿ ಅಂಟಿಸಿ ಮನೆಗೆ ಹೋದೆ.

ಸೋಮವಾರ ಬಂದರೆ ಪರದೆ ಕಪ್ಪಗಿತ್ತು. ಲ್ಯಾಬಿನ ಅಟೆಂಡರ್ ನನಗಿಂತ ಹಿರಿಯರು.

“ಚೀಟಿ ನೋಡಲಿಲ್ಲೇನ್ರಿ?”

“ನೋಡೀನ್ರಿ ಮೇಡಂ. ಅದಕ್ಕ ಮಿಷನ್ ಮುಟ್ಟೇ ಇಲ್ರಿ. ಹೋಗೂಮುಂದ ಬಾಗಲ ಕಡೀ ಮೇನ್ ಸ್ವಿಚ್ ಅಷ್ಟ ತಗದೀನ್ರಿ.”

ಸ್ಟಾಫ್ ರೂಮಿಗೆ ಹೋಗಿ ಚಹಾ ಆರುವವರೆಗೆ ಸುಮ್ಮನೆ ಕೂತೆ.

ಆಮೇಲೆ ಪ್ರತಿ ಹಂತವನ್ನೂ ಯಂತ್ರ ತಾನೇ ಉಳಿಸಿಕೊಂಡು, ಕರೆಂಟು ಬಂದಾಗ ಬಿಟ್ಟಲ್ಲಿಂದ ಮುಂದುವರಿಸುವಂತೆ ಪ್ರೋಗ್ರಾಂ ತಿದ್ದಿ ಮತ್ತೆ ಶುರು ಮಾಡಿದೆ. ಅಷ್ಟರಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಲು ನನ್ನನ್ನು ಸಿಂದಗಿಗೆ ಹಾಕಿದರು. ಅಲ್ಲಿಂದ ಮರಳಿ ನೋಡಿದಾಗ ಗೆರೆ ನಿಧಾನವಾಗಿ ಇಳಿದಿತ್ತು. ಬ್ರಷ್ಷಿನ ಬುಡದ ಭಾಗ ಮೊದಲು ಮುದುಡಿ, ಮೇಲಿನದು ಇನ್ನೂ ಉಬ್ಬಿಕೊಂಡೇ ಇತ್ತು. ಆದರೆ ತೀರಾ ಬಿಸಿಯಾದ ಕೊನೆಯಲ್ಲಿ ಪ್ರಯೋಗಕ್ಕೂ ನನ್ನ ಲೆಕ್ಕಕ್ಕೂ ಹೊಂದಾಣಿಕೆ ಇರಲಿಲ್ಲ.

“ಪೇಪರನ್ಯಾಗ ಗೆರೀದು ಆ ತುದಿ ತೋರಸಬ್ಯಾಡ್ರಿ,” ಎಂದರು ಗೈಡ್. “ಇಲ್ಲದ ಪ್ರಶ್ನೆ ಯಾಕ?”

“ಯಾಕ ಹೊಂದವಲ್ದು ಗೊತ್ತಿಲ್ಲ ಅಂತ ಬರದ್ರ ಏನಾಗ್ತೈತ್ರಿ ಸರ್?”

“ಜರ್ನಲ್‌ನವರು ವಾಪಸ್ ಕಳಸ್ತಾರ್ರಿ,” ಎಂದರು.

ನಾನು ಹಾಗೇ ಬರೆದು ಕಳಿಸಿದೆ. ವಾಪಸ್ಸೇ ಬಂತು. ಕಾರಣ ಹುಡುಕಿ ತಿದ್ದಿ ಕಳಿಸಿ ಎಂದು ಬರೆದಿದ್ದರು. ಈಗ ಅದನ್ನೇ ಹುಡುಕುತ್ತಿದ್ದೇನೆ. ನಿಜವಾದ ಬ್ರಷ್ಷಿನಲ್ಲಿ ಸರಪಳಿಗಳೆಲ್ಲ ಒಂದೇ ಉದ್ದ ಇರುವುದಿಲ್ಲ, ಬಹುಶಃ ಅದೇ ಕಾರಣ. ಅಂದರೆ ಇಡೀ ಲೆಕ್ಕ ಮತ್ತೆ ಮೊದಲಿನಿಂದ.